ಹಿತ್ತಲಿನ ಪಂಪ್‌ಸೆಟ್ಟು

ಹಿತ್ತಲಲ್ಲಿ ಈಜುಕೊಳ ಇರುವ ಮನೆ ಕೊಂಡಿದ್ದೇನೆ ಅಂತ ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ಕೇಳಿದ ಮೊದಲನೇ ಪ್ರಶ್ನೆ: “ಮೋಟ್ರು ಎಷ್ಟು ಎಚ್‌ಪಿ?”

ಮನೆಗೆ ಎಷ್ಟಾಯಿತು, ಸಾಲ ಎಷ್ಟು ವರ್ಷದ್ದು, ಕೊಳ ಎಷ್ಟು ಆಳ, ಮೊಮ್ಮಕ್ಕಳಿಗೆ ಈಜು ಬರುತ್ತಾ ಅಂತ ಒಂದನ್ನೂ ಕೇಳಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ. ಫೋನ್ ಹಿಡಿದುಕೊಂಡೇ ಹಿತ್ತಲಿಗೆ ಹೋಗಿ, ಬಗ್ಗಿ, ಮೋಟರಿನ ಬೆನ್ನಿಗೆ ಅಂಟಿಸಿದ್ದ ಚೀಟಿ ಓದಿ “ಒಂದೂವರೆ” ಅಂದೆ. “ಅಷ್ಟೇನಾ” ಅಂದರು. ತಿಪಟೂರಿನ ಹತ್ತಿರ ನಮ್ಮ ತೆಂಗಿನ ತೋಟದಲ್ಲಿ ಅವರದು ಏಳೂವರೆ ಎಚ್‌ಪಿ ಸಬ್‌ಮರ್ಸಿಬಲ್ಲು. ಒಂದೂವರೆ ಅಂದರೆ ಅವರ ಲೆಕ್ಕದಲ್ಲಿ ಮಿಕ್ಸಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೆ.

ಟೆಕ್ಸಾಸಿನ ಡಲ್ಲಾಸ್ ನಗರದ ಉತ್ತರಕ್ಕಿರುವ ಬಡಾವಣೆಗಳಲ್ಲಿ ಹಿತ್ತಲ ಕೊಳ ದೊಡ್ಡ ಸಿರಿವಂತಿಕೆಯೇನಲ್ಲ. ಜುಲೈ ಆಗಸ್ಟಿನಲ್ಲಿ ಅಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಆಗ ಮಕ್ಕಳು ಎಮ್ಮೆಗಳ ಹಾಗೆ ದಿನವಿಡೀ ನೀರಿನಲ್ಲೇ ಬಿದ್ದಿರುತ್ತವೆ. ಉಳಿದ ಏಳೆಂಟು ತಿಂಗಳು ಯಾರೂ ಅದರಲ್ಲಿ ಇಳಿಯುವುದಿಲ್ಲ, ಆದರೆ ಸೇವೆ ನಿಲ್ಲುವಂತಿಲ್ಲ. ಕೊಳದ ನೀರು ಉಪ್ಪಿನಕಾಯಿ ಜಾಡಿಯಿದ್ದ ಹಾಗೆ. ಆಮ್ಲ ಒಂದು ಚೂರು ಹೆಚ್ಚುಕಮ್ಮಿಯಾಗಲಿ, ಕ್ಲೋರಿನ್ ಎರಡು ದಿನ ಮರೆಯಿರಿ, ಪಾಚಿ ಹಿಡಿದು ಊರಕೆರೆಯ ಬಣ್ಣ ಬರುತ್ತದೆ. ನಮ್ಮ ಕೊಳ ಹಿಡಿಯುವುದು ಹದಿನೈದು ಸಾವಿರ ಗ್ಯಾಲನ್, ಅಂದರೆ ಹತ್ತಿರ ಹತ್ತಿರ 57,000 ಲೀಟರು. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ನೀರಿನ ಟ್ಯಾಂಕರಿನವನನ್ನು ಅಂಗಲಾಚಿದವನು ನಾನು. ಆರು ಸಾವಿರ ಲೀಟರಿನ ಟ್ಯಾಂಕರು ಒಂಬತ್ತೂವರೆ ಆಯಿತು. ಆ ಲೆಕ್ಕ ಮನಸ್ಸಿಗೆ ಬಂದ ಮೇಲೆ ಕೊಳದ ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತಾಗಲೆಲ್ಲ ಸಣ್ಣದೊಂದು ಪಾಪಪ್ರಜ್ಞೆ.

ಕೊಳ ಅಂದರೆ ನೀರು ಅಂದುಕೊಂಡಿದ್ದೆ. ಒಂದು ವರ್ಷ ಸಾಕಿದ ಮೇಲೆ ಗೊತ್ತಾಯಿತು, ಅದರ ಜೀವ ಇರುವುದು ಬೇಲಿಯ ಮೂಲೆಯ ಸಿಮೆಂಟು ಕಟ್ಟೆಯ ಮೇಲೆ ಅಂತ. ಅಲ್ಲಿ ಪಂಪು, ಫಿಲ್ಟರು, ಹೀಟರು ಸಾಲಾಗಿ ನಿಂತಿವೆ. ಅವನ್ನು ಹೆಣೆದುಕೊಂಡು ಬಿಳಿ ಪಿವಿಸಿ ಪೈಪುಗಳ ಕರುಳು. ಕೊಳದ ಅಂಚಿನಲ್ಲಿ ಸ್ಕಿಮ್ಮರ್ ಎಂಬ ಬಾಯಿದೆ. ಎಲೆ, ಮಿಡತೆ, ಮಗನ ಪ್ಲಾಸ್ಟಿಕ್ ಡೈನೋಸಾರು ಎಲ್ಲ ಅಲ್ಲಿ ಬುಟ್ಟಿಗೆ ಬೀಳುತ್ತವೆ. ನೀರು ಪಂಪಿಗೆ ಹೋಗಿ, ಫಿಲ್ಟರಿನಲ್ಲಿ ಸೋಸಿಕೊಂಡು, ಇನ್ನೊಂದು ಕಡೆಯಿಂದ ಕೊಳಕ್ಕೇ ವಾಪಸ್ಸು. ಚಳಿಗೆ ಕೆಡುವುದು ಕೊಳವಲ್ಲ, ಈ ಕಟ್ಟೆ. ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗುತ್ತದೆ. ಕೊಳದಲ್ಲಾದರೆ ಹಿಗ್ಗುವುದಕ್ಕೆ ಮೇಲೆ ಆಕಾಶವೇ ಇದೆ. ಎರಡಿಂಚಿನ ಪೈಪಿನೊಳಗೆ ಸಿಕ್ಕಿಬಿದ್ದ ನೀರು ಎಲ್ಲಿಗೆ ಹಿಗ್ಗಬೇಕು? ಪೈಪನ್ನು ಸೀಳಿಕೊಂಡೇ ಹಿಗ್ಗುತ್ತದೆ.

ಮಿಷಿಗನ್ನಿನಲ್ಲಿರುವ ನನ್ನ ಭಾವಮೈದುನನಿಗೆ ಇದೆಲ್ಲ ಕರತಲಾಮಲಕ. ಆ ಸೀಮೆಯಲ್ಲಿ ಚಳಿಗಾಲಕ್ಕೆ ಮುಂಚೆ ಕೊಳವನ್ನು ‘ಮುಚ್ಚುತ್ತಾರೆ’. ಶಾಸ್ತ್ರೋಕ್ತವಾಗಿ ಮುಚ್ಚುತ್ತಾರೆ. ನೀರನ್ನು ಸ್ಕಿಮ್ಮರಿನ ಬಾಯಿಗಿಂತ ಕೆಳಗೆ ಇಳಿಸುವುದು, ಕಂಪ್ರೆಸರಿನಿಂದ ಗಾಳಿ ಊದಿ ಪೈಪಿನ ನೀರೆಲ್ಲ ಹೊರಹಾಕುವುದು, ತೂತಿಗೆಲ್ಲ ರಬ್ಬರು ಬಿರಡೆ ಜಡಿಯುವುದು, ಪೈಪಿನೊಳಗೆ ರೋಸ್ ಮಿಲ್ಕ್ ಬಣ್ಣದ ಹೆಪ್ಪುರೋಧಕ ಸುರಿಯುವುದು, ಕೊನೆಗೆ ಇಡೀ ಕೊಳಕ್ಕೆ ಹೊದಿಕೆ ಬಿಗಿಯುವುದು. ಇವುಗಳಲ್ಲಿ ನನಗೆ ಮೆಚ್ಚುಗೆಯಾದ ಉಪಾಯ ಒಂದೇ. ಸ್ಕಿಮ್ಮರಿನ ಗೂಡಿನಲ್ಲಿ ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ ನಿಲ್ಲಿಸಿಡುತ್ತಾರೆ, ತೇಲಿಹೋಗದಂತೆ ತಳಕ್ಕೆ ಒಂದು ಹಿಡಿ ಮರಳೋ ಕಲ್ಲೋ ಹಾಕಿ. ಮಂಜುಗಡ್ಡೆ ಹಿಗ್ಗಿದಾಗ ಬಾಟಲಿಯನ್ನು ಹಿಸುಕುತ್ತದೆ, ಗೂಡು ಉಳಿಯುತ್ತದೆ. ಹೊಲಕ್ಕೆ ದೃಷ್ಟಿಬೊಂಬೆ ನಿಲ್ಲಿಸಿದ ಹಾಗೆ.

ಟೆಕ್ಸಾಸಿನವರು ಇದೊಂದನ್ನೂ ಮಾಡುವುದಿಲ್ಲ. ವರ್ಷಕ್ಕೆ ನಾಲ್ಕಾರು ರಾತ್ರಿ ಚಳಿ ಶೂನ್ಯದ ಕೆಳಗೆ ಇಳಿಯುತ್ತದೆ, ಬೆಳಿಗ್ಗೆ ಬಿಸಿಲು ಬಂದರೆ ಮುಗಿಯಿತು. ಅದಕ್ಕೆ ಪಂಪಿಗೇ ಒಂದು ಸಣ್ಣ ಉಷ್ಣಮಾಪಕ ಕಟ್ಟಿರುತ್ತಾರೆ. ಹೊರಗಿನ ಚಳಿ 38 ಡಿಗ್ರಿ ಫ್ಯಾರನ್‌ಹೀಟಿಗೆ, ನಮ್ಮ ಲೆಕ್ಕದ ಮೂರು ಡಿಗ್ರಿಗೆ ಇಳಿಯಿತೋ, ಪಂಪು ತಾನಾಗಿ ಶುರುವಾಗುತ್ತದೆ. ಕೊಳದ ಅಷ್ಟೂ ನೀರು ಹೊಟ್ಟೆಯಲ್ಲಿಟ್ಟುಕೊಂಡ ಬಿಸುಪನ್ನು ರಾತ್ರಿಯೆಲ್ಲ ಪೈಪಿಗೆ ಹಂಚುತ್ತಾ ತಿರುಗುತ್ತದೆ. ಹರಿಯುತ್ತಿರುವ ತನಕ ಭಯವಿಲ್ಲ. ಕರೆಂಟು ಇರುವ ತನಕ ಹರಿಯುತ್ತದೆ. ಅಮೆರಿಕದಲ್ಲಿ ಕರೆಂಟು ಹೋಗುತ್ತದಾ? ಹೋಗುವುದಿಲ್ಲ ಅಂತಲೇ ತಾನೇ ನಾವೆಲ್ಲ ಅಲ್ಲಿಗೆ ಹೋದದ್ದು.

2021ರ ಫೆಬ್ರುವರಿ ಎರಡನೇ ವಾರ ಸುಳಿವು ಸಿಕ್ಕಿತ್ತು. 11ನೇ ತಾರೀಕು ಬೆಳಿಗ್ಗೆ ಫೋರ್ಟ್‌ವರ್ತಿನ ಹೆದ್ದಾರಿಯಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ನೂರಕ್ಕೂ ಹೆಚ್ಚು ವಾಹನಗಳು ಒಂದರ ಮೇಲೊಂದು ಏರಿ ಆರು ಜನ ಸತ್ತರು. ಭಾನುವಾರ, 14ರಂದು, ಹಿಮ ಬಿತ್ತು. ಮಕ್ಕಳಿಗೆ ಹಬ್ಬ. ಮಗಳು ಹಿಮದಲ್ಲಿ ಗೊಂಬೆ ಮಾಡಿ ಅದರ ಮೂಗಿಗೆ ಗಜ್ಜರಿಯಿಲ್ಲದೆ ನುಗ್ಗೆಕಾಯಿ ಚುಚ್ಚಿದಳು. ರಾತ್ರಿ ಮಲಗುವ ಮುಂಚೆ ಕಿಟಕಿಯಿಂದ ಕಿವಿಗೊಟ್ಟೆ. ಪಂಪು ಗುಂಯ್‌ಗುಡುತ್ತಿತ್ತು. ನಿದ್ದೆ ಬಂತು.

ಅಪ್ಪ ಕರೆಂಟು ಬಂದರೆ ಏಳುತ್ತಿದ್ದರು. ತೋಟಕ್ಕೆ ತ್ರೀಫೇಸು ಪಾಳಿಯ ಮೇಲೆ, ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿಯ ವಾರ ಪಂಪ್‌ಮನೆಯ ಮುಂದೆ ಒಂದು ಬಲ್ಬನ್ನು ಸ್ವಿಚ್ ಹಾಕಿಯೇ ಬಿಟ್ಟಿರುತ್ತಿದ್ದರು. ಅದು ಹೊತ್ತಿತು ಅಂದರೆ ಕರೆಂಟು ಬಂತು. ಜಗಲಿಯ ಮೇಲೆ ಮಲಗಿದವರ ರೆಪ್ಪೆಗೆ ಅರ್ಧ ಫರ್ಲಾಂಗಿನಾಚೆಯ ಆ ಬೆಳಕು ಹೇಗೆ ತಾಕುತ್ತಿತ್ತೋ, ಎದ್ದು ಟಾರ್ಚು ಹಿಡಿದು, ಹಾವಿಗೆ ಒಂದು ಕೋಲು ಹಿಡಿದು ಹೊರಟುಬಿಡುತ್ತಿದ್ದರು. ಈ ಬಾಳು ಬೇಡ ಅಂತಲೇ ನನ್ನನ್ನು ಓದಿಸಿದರು. ಆ ಫೆಬ್ರುವರಿ 15ರ ರಾತ್ರಿ ಎರಡು ಗಂಟೆಗೆ ನಾನು ಎದ್ದದ್ದು ಕರೆಂಟು ಹೋಗಿ. ಸದ್ದಾಗಿ ಎಚ್ಚರವಾಗುವುದು ಎಲ್ಲರಿಗೂ ಉಂಟು. ನನಗೆ ಸದ್ದು ನಿಂತು ಎಚ್ಚರವಾಯಿತು. ಹಿತ್ತಲು ಮೂಕವಾಗಿತ್ತು.

ಊರಲ್ಲಿ ಮಧ್ಯಾಹ್ನ ಒಂದೂವರೆ. ಅಪ್ಪ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುವ ಹೊತ್ತು. ಫೋನಿನ ಪರದೆಯಲ್ಲಿ ಅವರ ಹಣೆ ಮತ್ತು ಹಿಂದಿನ ತೊಲೆ ಮಾತ್ರ ಕಾಣುತ್ತಿದ್ದವು.

“ಹೊರಗೆ ಎಷ್ಟಿದೆ?”

“ಮೈನಸ್ ಹದಿನಾಲ್ಕೋ ಹದಿನೈದೋ.”

ಮೈನಸ್ಸಿನ ಚಳಿ ಅಪ್ಪ ಕಂಡವರಲ್ಲ. ಧನುರ್ಮಾಸದಲ್ಲಿ ಕಂಬಳಿ ಹೊದೆಯುವುದೇ ಅವರ ಗಡಿ. ಆದರೆ ಮೋಟರು ಗೊತ್ತು. “ಮೊದಲು ಮೇನ್ ಇಳಿಸು. ಬರಿದಾದ ಮೋಟ್ರಿಗೆ ಕರೆಂಟು ಬಂದು ಓಡಿದರೆ ಸುಟ್ಟುಹೋಗುತ್ತೆ. ಆಮೇಲೆ ನೀರು ಬಸಿ. ಹೊಟ್ಟೆಯ ಕೆಳಗೆ ಬಿರಡೆ ಇರುತ್ತೆ, ತಡಕು.” ಆಮೇಲೆ ಕಂಪನಿಯ ಕೈಪಿಡಿ ತೆಗೆದು ನೋಡಿದರೆ ಇದೇ ಮಾತು, ಇದೇ ಕ್ರಮದಲ್ಲಿ, ಹನ್ನೊಂದು ಎಚ್ಚರಿಕೆಗಳ ನಡುವೆ ಹುದುಗಿಸಿಟ್ಟಿದ್ದರು.

ಬಿರಡೆ ಎರಡು. ಸೋಡಾ ಬಾಟಲಿಯ ಮುಚ್ಚಳಕ್ಕಿಂತ ಸ್ವಲ್ಪ ದಪ್ಪ, ಕಪ್ಪು ಪ್ಲಾಸ್ಟಿಕ್ಕು, ಬೆರಳಿಗೆ ಹಿಡಿತ ಸಿಗಲೆಂದು ಎರಡು ಪುಟ್ಟ ಕಿವಿ, ಕತ್ತಿನಲ್ಲಿ ರಬ್ಬರಿನ ಉಂಗುರ. ಒಂದು ತಿರುಗಿತು. ಇನ್ನೊಂದು ಕಚ್ಚಿಕೊಂಡು ಕೂತಿತ್ತು. ಕೈಗವಸು ಹಾಕಿಕೊಂಡರೆ ಬಿರಡೆ ಸಿಗದು, ತೆಗೆದರೆ ಬೆರಳು ಸಿಗದು. ಹೆಂಡತಿ ದೇವರ ಮನೆಯ ಬೆಂಕಿಪೊಟ್ಟಣದಿಂದ ಗ್ಯಾಸ್ ಒಲೆ ಹಚ್ಚಿ, ಉಗುರುಬೆಚ್ಚಗಿನ ನೀರನ್ನು ಕಾಫಿ ಸೋಸುವ ಪಾತ್ರೆಯಲ್ಲಿ ತಂದು ಬಿರಡೆಯ ಮೇಲೆ ಹನಿಸಿದಳು. “ಕುದಿಯೋ ನೀರು ಹೊಯ್ದೀರಾ, ಪ್ಲಾಸ್ಟಿಕ್ ಸೀಳುತ್ತೆ” ಅಂತ ಫೋನಿನೊಳಗಿಂದ ಅಪ್ಪ. ಕಿರ್ ಅಂತು. ಇನ್ನೊಂದು ತಿರುವು. ಬಿರಡೆ ಕಿತ್ತುಕೊಂಡು ನನ್ನ ಮರಗಟ್ಟಿದ ಬೆರಳುಗಳ ನಡುವಿನಿಂದ ಹಾರಿ ಹಿಮದೊಳಗೆ ಎಲ್ಲೋ ಮುಳುಗಿತು. ಪಂಪಿನ ನೀರು ಭಳಭಳ ಸುರಿದು ಕಟ್ಟೆಯ ಮೇಲೆ ಹರಿದು ನೋಡನೋಡುತ್ತಲೇ ಗಾಜಾಯಿತು. ಫಿಲ್ಟರಿನ ತಲೆಯ ಮೇಲಿನ ತಿರುಪು ಬಿಟ್ಟೆ. ಅದು ಸುಯ್ ಅಂತ ಉಸಿರೆಳೆದುಕೊಂಡು ತನ್ನ ನೀರನ್ನೂ ಕೆಳಗೆ ಬಿಟ್ಟಿತು. ಹೀಟರಿನದು ದುಬಾರಿ ತಾಮ್ರದ ಸುರುಳಿ, ಅದನ್ನೂ ಬಸಿದೆ. ಕೊನೆಗೆ ಒಂದು ಜಾಣತನ ಮಾಡಿದೆ. ಕೊಳದ ಕಡೆಯಿಂದ ಇನ್ನೂ ಜಿನುಗುತ್ತಿದೆ ಅಂತ ಪೈಪಿನ ವಾಲ್ವನ್ನು ಬಿಗಿಯಾಗಿ ಮುಚ್ಚಿದೆ. ಎಲ್ಲದರ ಮೇಲೆ ಎರಡು ಹಳೇ ಜಮಖಾನ ಹೊದಿಸಿ ಒಳಗೆ ಬಂದೆ. ಆ ಜಾಣತನದ ಕತೆ ಆಮೇಲೆ.

ಅರ್ಧ ಗಂಟೆ ಹೋಗುತ್ತದೆ, ಪಾಳಿಯ ಮೇಲೆ ತೆಗೆಯುತ್ತಾರೆ ಅಂದಿದ್ದರು. ಪಾಳಿ ನಮ್ಮ ಬೀದಿಯನ್ನು ಮರೆಯಿತು. ಮಾರನೆಯ ದಿನ ಒಂದು ಗಂಟೆ ಬಂತು, ಹತ್ತು ಗಂಟೆ ಹೋಯಿತು. 16ರ ಮಂಗಳವಾರ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 2 ಫ್ಯಾರನ್‌ಹೀಟು, ಅಂದರೆ ಮೈನಸ್ 19 ಸೆಲ್ಸಿಯಸ್ಸು. 1949ರಿಂದೀಚೆಗೆ ಅಲ್ಲಿ ಅಂಥ ಚಳಿ ಬಿದ್ದಿರಲಿಲ್ಲ. ರಾಜ್ಯದಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟಿರಲಿಲ್ಲ.

“ಪಕ್ಕದ ರಾಜ್ಯದಿಂದ ತರಿಸಿಕೊಳ್ಳಬಾರದಾ?” ಅಂದರು ಅಪ್ಪ. ತರಿಸಿಕೊಳ್ಳುವಂತಿಲ್ಲ. ಕೇಂದ್ರದ ಕಾಯ್ದೆಯ ಕೈಗೆ ಸಿಗಬಾರದು ಅಂತ ಟೆಕ್ಸಾಸ್ ತನ್ನ ವಿದ್ಯುತ್ ಜಾಲವನ್ನು ಬೇರೆಯೇ ಇಟ್ಟುಕೊಂಡಿದೆ, ಅಣ್ಣತಮ್ಮಂದಿರು ಪಾಲಾದ ಮೇಲೆ ಬಾವಿಗೂ ಗೋಡೆ ಹಾಕಿಕೊಂಡ ಹಾಗೆ. ಪಕ್ಕದವರಿಂದ ತರುವ ದಾರಿ ತೀರಾ ಸಣ್ಣದು. ನಮ್ಮ ದಕ್ಷಿಣದ ಜಾಲವೂ ಹೀಗೇ ಬೇರೆಯಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟಿನ ತಂತಿ ಅದನ್ನು ಉಳಿದ ದೇಶಕ್ಕೆ ಹೊಲಿಯಿತು. ಈ ಸಂಗತಿ ಅಪ್ಪನಿಗೆ ಹೇಳಿದಾಗ, ರಾಯಚೂರಿನವರು ಯಾರೋ ನೆಂಟರು ಎಂಬಷ್ಟು ಹೆಮ್ಮೆಯಿಂದ “ಹೌದಾ!” ಅಂದರು. ಟೆಕ್ಸಾಸಿನಲ್ಲಿ ಅನಿಲದ ಬಾವಿಗಳೇ ಹೆಪ್ಪುಗಟ್ಟಿದ್ದವು. ಅನಿಲ ಸಿಗದೆ ಕರೆಂಟಿಲ್ಲ, ಕರೆಂಟಿಲ್ಲದೆ ಅನಿಲ ದೂಡುವ ಯಂತ್ರ ಓಡದು. ಇಡೀ ಜಾಲ ಕುಸಿದುಬೀಳುವುದಕ್ಕೆ ಆ ಸೋಮವಾರ ನಸುಕಿನಲ್ಲಿ 4 ನಿಮಿಷ 37 ಸೆಕೆಂಡು ಮಾತ್ರ ಬಾಕಿಯಿತ್ತು ಅಂತ ಆಮೇಲೆ ಅಧಿಕಾರಿಗಳೇ ಹೇಳಿದರು. ಕುಸಿದಿದ್ದರೆ ವಾರಗಟ್ಟಲೆ ಕತ್ತಲು. ಚಳಿಗೆ, ಮುಚ್ಚಿದ ಗ್ಯಾರೇಜಿನಲ್ಲಿ ಬೆಚ್ಚಗಾಗಲೆಂದು ಕಾರು ಚಾಲೂ ಮಾಡಿಕೊಂಡು ಕೂತು ಹೊಗೆಗೆ, ಹೀಗೆ ಸತ್ತವರು ಸರ್ಕಾರದ ಲೆಕ್ಕದಲ್ಲೇ 246. ಅಂಥ ವಾರದಲ್ಲಿ ಕೊಳದ ಪೈಪಿನ ಚಿಂತೆ ಮಾಡಿದೆ ಅಂತ ಹೇಳಿಕೊಳ್ಳುವುದಕ್ಕೂ ನಾಚಿಕೆ.

ನಾಚಿಕೆ ಸ್ವಲ್ಪ ಕಡಿಮೆಯಾದದ್ದು ಬುಧವಾರ. ನಲ್ಲಿಯಲ್ಲಿ ನೀರು ನೂಲಿನಷ್ಟಾಯಿತು, ಆಮೇಲೆ ಅದೂ ಇಲ್ಲ. ನಾಲ್ಕು ಜನರ ಮನೆ, ಎರಡು ಕಮೋಡು. ಒಂದು ಸಲ ತಳ್ಳುವುದಕ್ಕೆ ಆರು ಲೀಟರು ಬೇಕು. ಆಗ ಹೊಳೆಯಿತು, ಹಿತ್ತಲಲ್ಲಿ ಒಂಬತ್ತೂವರೆ ಟ್ಯಾಂಕರು ಬಿದ್ದಿದೆಯಲ್ಲ! ಮೇಲೆ ಮೂರು ಬೆರಳು ದಪ್ಪದ ಮಂಜುಗಡ್ಡೆ. ಸುತ್ತಿಗೆಯಿಂದ ಹೊಡೆಯಬಾರದಂತೆ, ಪೆಟ್ಟಿನ ಅದುರು ದಂಡೆಯ ಹೆಂಚನ್ನು ಸೀಳಬಹುದು. ಹೆಂಡತಿ ಐದು ಲೀಟರಿನ ಪ್ರೆಷರ್ ಕುಕ್ಕರಿನಲ್ಲಿ ನೀರು ಕುದಿಸಿ, ಕುಕ್ಕರನ್ನೇ ಮಂಜುಗಡ್ಡೆಯ ಮೇಲೆ ಇಟ್ಟಳು. ಅದು ತನ್ನ ಅಳತೆಯ ಗುಂಡು ತೂತನ್ನು ತಾನೇ ಕೊರೆದುಕೊಂಡು ನಿಧಾನಕ್ಕೆ ಇಳಿಯಿತು; ಹಿಡಿ ಹಿಡಿದುಕೊಂಡಿದ್ದಕ್ಕೆ ಕುಕ್ಕರ್ ಉಳಿಯಿತು. ಆ ತೂತಿನಿಂದ, ಮದುವೆಯಲ್ಲಿ ಅತ್ತೆ ಕೊಟ್ಟು ಹದಿನಾಲ್ಕು ವರ್ಷ ಅಟ್ಟದ ಮೇಲಿದ್ದ ಸ್ಟೀಲಿನ ಕೊಡದಲ್ಲಿ ನೀರು ಸೇದಿದೆವು. ಕೆಳಗಿನ ನೀರು ಅಂದುಕೊಂಡಷ್ಟು ಕೊರೆಯುತ್ತಿರಲಿಲ್ಲ. ನಾಲ್ಕು ಡಿಗ್ರಿಯ ನೀರೇ ಎಲ್ಲಕ್ಕಿಂತ ಭಾರ, ಅದು ತಳಕ್ಕಿಳಿದು ಕೂರುತ್ತದೆ, ಮಂಜುಗಡ್ಡೆ ಹಗುರಾಗಿ ಮೇಲೆ ತೇಲುತ್ತದೆ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಮೀನು ಬದುಕುವುದು ಇದರಿಂದ ಅಂತ ಮೇಷ್ಟ್ರು ಹೇಳಿದ್ದರು. ನಮ್ಮ ಕಮೋಡು ಬದುಕಿದ್ದೂ ಇದರಿಂದಲೇ.

ಪಕ್ಕದ ಮನೆಯ ಟೆಕ್ಸಾಸಿನ ಅಜ್ಜ ಬೇಲಿಯ ಮೇಲಿಂದ ಇಣುಕಿ ನೋಡಿದರು. ಬಕೆಟ್ಟು ಕಳಿಸಿದರು. ಆಮೇಲೆ ಎದುರುಮನೆಯ ಗುಜರಾತಿಗಳು, ಮೂಲೆಮನೆಯ ಮೆಕ್ಸಿಕೊದವರು. ಸೊಂಟದ ಮೇಲೆ ಕೊಡ ಇಟ್ಟುಕೊಂಡು ಹಿಮ ತುಳಿಯುತ್ತಾ ಹೋಗುತ್ತಿದ್ದ ನನ್ನ ಹೆಂಡತಿಯ ಫೋಟೊವನ್ನು ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದ ತಪ್ಪಿಗೆ ನಾನು ಒಂದು ವಾರ ಅನುಭವಿಸಿದೆ.

ಶನಿವಾರದ ಹೊತ್ತಿಗೆ ಏನೂ ಆಗಿಯೇ ಇಲ್ಲವೆಂಬಂತೆ ಬಿಸಿಲು. ಅಜ್ಜ ಕೊಟ್ಟ ವೈನ್ ಬಾಟಲಿಯ ಬೆಂಡಿಗೆ ಟೆಫ್ಲಾನ್ ಟೇಪು ಸುತ್ತಿ, ಕಳೆದುಹೋದ ಬಿರಡೆಯ ಜಾಗಕ್ಕೆ ಜಡಿದೆ. ಪಂಪಿಗೆ ನೀರು ತುಂಬಿ ಮೇನ್ ಎತ್ತಿದೆ. ಮೋಟರು ತಿರುಗಿತು, ನೀರು ಏರಲಿಲ್ಲ. ಗಾಜಿನ ಮುಚ್ಚಳದೊಳಗೆ ಬರೀ ಗುಳ್ಳೆ. “ಗಾಳಿ ಎಳೀತಾ ಇದೆ. ಪಂಪಿನ ಹಿಂದೆ ನೋಡು, ಮುಂದೆ ನೋಡಬೇಡ” ಅಂದರು ಅಪ್ಪ, ಒಂಬತ್ತು ಸಾವಿರ ಮೈಲಿಯಾಚೆ ಸದ್ದು ಕೇಳಿಸಿಕೊಂಡು. ವಾಲ್ವಿನ ಪಕ್ಕದ ಎಲ್ಬೋ ಸೀಳಿತ್ತು. ಆ ರಾತ್ರಿ ಜಾಣತನದಿಂದ ಮುಚ್ಚಿದ್ದೆನಲ್ಲ, ಅದರ ಹಿಂದೆ ಅರ್ಧ ಲೋಟದಷ್ಟು ನೀರು ಹೊರಡಲು ದಾರಿಯಿಲ್ಲದೆ ಕೂತಿತ್ತು. ಅಷ್ಟು ಸಾಕಾಯಿತು. ಕೂದಲೆಳೆಯಂಥ ಸೀಳು, ಬೆರಳ ತುದಿಯಲ್ಲಿ ಸವರಿದರೆ ಮಾತ್ರ ಗೊತ್ತಾಗುವಂಥದ್ದು.

ಅಂಗಡಿಗಳಲ್ಲಿ ಪಿವಿಸಿ ಸಾಮಾನಿನ ಕಪಾಟು ಯುಗಾದಿಯ ಹಿಂದಿನ ದಿನದ ಬೇವಿನ ಮರದ ಹಾಗೆ ಬೋಳಾಗಿತ್ತು. ಡಲ್ಲಾಸಿನಿಂದ ಹ್ಯೂಸ್ಟನ್ನಿನ ತನಕ ಎಲ್ಲರ ಪೈಪೂ ಒಂದೇ ವಾರದಲ್ಲಿ ಒಡೆದಿತ್ತು. ಕೊಳ ರಿಪೇರಿಯವರು “ಐದು ವಾರ” ಅಂದರು, ಅದೂ ದಯೆ ತೋರಿಸುವ ದನಿಯಲ್ಲಿ.

“ಹಳೇ ಸೈಕಲ್ ಟ್ಯೂಬು ಇದೆಯಾ?” ಅಂದರು ಅಪ್ಪ.

ಮಗಳದಿತ್ತು. ಎರಡು ಬೆರಳಗಲ ಉದ್ದುದ್ದ ಸೀಳಿ, ಜಗ್ಗಿ ಜಗ್ಗಿ, ಒಂದರ ಮೇಲೊಂದು ಅರ್ಧರ್ಧ ಬರುವ ಹಾಗೆ ಎಲ್ಬೋಗೆ ಸುತ್ತಿದೆ. ಗಾಯಕ್ಕೆ ಬಟ್ಟೆ ಕಟ್ಟುವವರಿಗಿಂತ ಹೆಚ್ಚು ಶ್ರದ್ಧೆಯಿಂದ ಅಪ್ಪ ಪರದೆಯಲ್ಲಿ ನೋಡುತ್ತಾ “ಇನ್ನೂ ಜಗ್ಗು, ಇನ್ನೂ” ಅನ್ನುತ್ತಿದ್ದರು. ಪಂಪಿನ ಹಿಂದಿನ ಪೈಪಿನಲ್ಲಿ ನೀರು ಹೊರಗೆ ತಳ್ಳುವುದಿಲ್ಲ, ಗಾಳಿಯನ್ನು ಒಳಗೆ ಎಳೆಯುತ್ತದೆ. ಎಳೆದಷ್ಟೂ ರಬ್ಬರು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮುಂದಿನ ಪೈಪು ಸೀಳಿದ್ದರೆ ಈ ಮದ್ದು ನಿಲ್ಲುತ್ತಿರಲಿಲ್ಲ. ಗುಳ್ಳೆ ಕಡಿಮೆಯಾಯಿತು, ನಿಂತಿತು, ನೀರು ಏರಿತು. ಐದು ವಾರದ ನಂತರ ಬಂದ ರಿಪೇರಿಯ ಹುಡುಗ ಆ ಕಪ್ಪು ಮುಂಡಾಸನ್ನು ಬಹಳ ಹೊತ್ತು ನೋಡಿ, ಫೋಟೊ ತೆಗೆದುಕೊಂಡು, ಆಮೇಲೆ ಕತ್ತರಿಸಿದ. ಬಿರಡೆ ಏಪ್ರಿಲಿನಲ್ಲಿ ಹುಲ್ಲು ಕತ್ತರಿಸುವಾಗ ಸಿಕ್ಕಿತು, ಒಂದು ಕಿವಿ ಹೋಗಿತ್ತು.

2022ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆ ಎರಡು ದಿನ ಇರುವಾಗ, ಮತ್ತೆ ಅಂಥದೇ ಚಳಿ ನುಗ್ಗಿತು. ಈ ಸಲ ವಾಲ್ವುಗಳನ್ನೆಲ್ಲ ಅರ್ಧ ತೆರೆದಿಟ್ಟಿದ್ದೆ. ಸ್ಕಿಮ್ಮರಿನ ಗೂಡಿನಲ್ಲಿ ತಳಕ್ಕೆ ಒಂದು ಹಿಡಿ ಕಲ್ಲು ಹಾಕಿದ ಖಾಲಿ ಬಾಟಲಿ ನಿಲ್ಲಿಸಿದ್ದೆ. ಜಮಖಾನ ಸಿದ್ಧವಿತ್ತು. ಕೊಡವೂ ಅಟ್ಟದಿಂದ ಇಳಿದಿತ್ತು. ರಾತ್ರಿ ಹನ್ನೊಂದಕ್ಕೆ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಕಿಟಕಿಯ ಪಕ್ಕ ಕೂತು ಗುಂಯ್‌ಗುಡುವುದನ್ನು ಕೇಳುತ್ತಿದ್ದಾಗ ಫೋನು ಬಂತು.

“ಬಿರಡೆ ಕೈಯಲ್ಲೇ ತಿರುಗುತ್ತಾ, ನೋಡಿಕೊಂಡೆಯಾ?”

“ಎರಡೂ ತಿರುಗುತ್ತೆ. ಬಿಚ್ಚಿದರೆ ಪಂಪಿನ ಬುಟ್ಟಿಯೊಳಗೇ ಹಾಕಿಡ್ತೀನಿ.”

“ಕರೆಂಟಿದೆಯಾ?”

“ಇದೆ. ನಿಮ್ಮಲ್ಲಿ?”

“ನಮ್ಮದು ಈ ವಾರ ರಾತ್ರಿ ಪಾಳಿ ಕಣಪ್ಪಾ. ಹನ್ನೆರಡರ ಮೇಲೆ ಬರುತ್ತೆ.”